ದೊರೆ ಚೀಲ ಬಿಚ್ಚಲಿಲ್ಲ

ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಆಯುಸ್ಸು ಕಳೆದ ಮನುಷ್ಯನಿಗೆ ಒಂದಷ್ಟು ಜಂಬ ಇದ್ದೇ ಇರುತ್ತದೆ. ಹತ್ತಿದವರ ಮುಖ ನೋಡಿದರೆ ಸಾಕು, ಇವರು ಎಲ್ಲಿ ಇಳಿಯುತ್ತಾರೆ ಅಂತ ಹೇಳಿಬಿಡುತ್ತೇನೆ ಅನ್ನುವುದು ಕಂಡಕ್ಟರನ ಜಂಬ. ಬಸ್ಸಿಗೆ ಟಿಕೆಟ್ ಕೊಡುವ ಯಂತ್ರ ಬಂದು ಅವನ ಕೆಲಸ ಹೋಗಿ ಏಳು ತಿಂಗಳಾಗಿತ್ತು. ಹೊಸ ಕೆಲಸದಲ್ಲಿ ಟಿಕೆಟ್ಟೂ ಇಲ್ಲ, ಸೀಟಿಯೂ ಇಲ್ಲ. ಆದರೂ ಎಲ್ಲರೂ ಅವನನ್ನು ಕಂಡಕ್ಟರ್ ಅಂತಲೇ ಕರೆಯುತ್ತಿದ್ದರು, ಅವನಿಗೂ ಅದೇ ಹಿತವಾಗಿತ್ತು.

ಹುಟ್ಟಿನಿಂದಲೇ ಕಲಿಯುವುದು, ತಿಳಿಯುವುದು ನಿಧಾನವಾಗಿ, ಈಗ ವಯಸ್ಸಿಗೆ ಬಂದವರಿಗಾಗಿ ಆ ಬಡಾವಣೆಯಲ್ಲಿ ಒಂದು ಹಗಲು ಕೇಂದ್ರ ಇತ್ತು. ಬೆಳಿಗ್ಗೆ ವ್ಯಾನಿನಲ್ಲಿ ಬರುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ. ಬಸ್ಸಿನ ಕೆಲಸ ಹೋದ ವಾರವೇ ಕಂಡಕ್ಟರ್ ಸೇರಿದ್ದು ಅಲ್ಲಿಗೆ. ಅಲ್ಲಿಂದ ಮೂರು ಬೀದಿ ಆಚೆ ಅದೇ ಸಂಸ್ಥೆಯ ಒಂದು ಮಹಡಿ ಮನೆ. ಗಂಡು ಹೆಣ್ಣು ಅನ್ನದೆ ನಾಲ್ಕು ಜನ ಒಟ್ಟಿಗೆ ಬಾಳುವ ಮನೆ. ನೋಡಿಕೊಳ್ಳುವವರು ಪಾಳಿಯ ಮೇಲೆ ಬಂದು ಹೋಗುತ್ತಾರೆ. ನಾಲ್ವರಲ್ಲಿ ಒಬ್ಬ ತನ್ನ ಅಣ್ಣನ ಊರಿಗೆ ಹೋದದ್ದರಿಂದ ಮಹಡಿಯ ಮೇಲೆ ಒಂದು ಕೋಣೆ ಖಾಲಿ ಬಿತ್ತು. ಒಂದು ವಾರ ಇದ್ದು ನೋಡಲಿ, ಹಿಡಿಸಿದರೆ ಕೋಣೆ ಅವನದೇ ಅಂತ ಅಲ್ಲಿಗೆ ಬಂದವನು ದೊರೆ.

ದೊರೆಗೆ ನಲವತ್ಮೂರು ವಯಸ್ಸು. ಆಳು ಬಾಗಿಲಷ್ಟು ಅಗಲ. ಚಿಕ್ಕಂದಿನಲ್ಲಿ ಕೂತ ಜಾಗಕ್ಕೇ ಎಲ್ಲವೂ ಬರಲಿ ಅಂತ ಕಾಯುತ್ತಿದ್ದನಂತೆ, ಅದಕ್ಕೆ ಮನೆಯವರು ಇಟ್ಟ ಹೆಸರು. ಅವನ ಅಕ್ಕ ಅವನಿಗಿಂತ ಹದಿನೇಳು ವರ್ಷಕ್ಕೆ ದೊಡ್ಡವರು, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಹಾಕುವ ಟೈಲರ್. ತಾಯಿ ಹೋದ ಮೇಲೆ ಹತ್ತೊಂಬತ್ತು ವರ್ಷ ಒಬ್ಬರೇ ತಮ್ಮನನ್ನು ನೋಡಿಕೊಂಡಿದ್ದರು. ಈಗ ಎರಡು ಮಂಡಿಯೂ ಕೈಕೊಟ್ಟಿದ್ದವು. ಮೊದಲು ಆಪರೇಷನ್ ಆಗಲಿ, ಆಮೇಲೆ ಮಾತು ಅಂತ ಡಾಕ್ಟರು ಗದರಿದ್ದರು. ನಾಲ್ಕು ವರ್ಷದ ಹಿಂದೆ ಅರ್ಜಿ ಹಾಕಿದವರು ಅಕ್ಕನೇ. ಕೋಣೆ ಸಿಕ್ಕಿದೆ ಅಂತ ಫೋನ್ ಬಂದ ದಿನ ಮಾತ್ರ, ಇಷ್ಟು ಬೇಗನಾ ಅಂದಿದ್ದರು.

ಕೇಂದ್ರದಲ್ಲಿ ದೊರೆ ಕಂಡಕ್ಟರನ ಬೆನ್ನು ಬಿಡುತ್ತಿರಲಿಲ್ಲ. ಹಾಗಾಗಿ ಕೇಂದ್ರ ಮತ್ತು ಮನೆ ಎರಡನ್ನೂ ನೋಡಿಕೊಳ್ಳುವ ಮೇಡಂ ಆ ಒಂದು ವಾರ ಕಂಡಕ್ಟರನಿಗೆ ಹಗಲು ಪಾಳಿ ಆ ಮನೆಯಲ್ಲೇ ಹಾಕಿದರು. ಕೈಗೆ ನಾಲ್ಕು ಪುಟದ ಒಂದು ಫಾರಂ ಕೊಟ್ಟರು. ಊಟ, ನಿದ್ದೆ, ಸ್ನಾನ, ಔಷಧಿ ಎಲ್ಲದಕ್ಕೂ ಅದರಲ್ಲಿ ಧಾರಾಳ ಜಾಗ. ಮೂರನೇ ಪುಟದಲ್ಲಿ 'ವ್ಯಕ್ತಿಯ ಸ್ವಂತ ಇಚ್ಛೆ' ಅಂತ ಒಂದು ಅಂಕಣ, ಅದಕ್ಕೆ ಎರಡೇ ಗೆರೆ. ಶುಕ್ರವಾರ ಹನ್ನೊಂದಕ್ಕೆ ಕಚೇರಿಯಿಂದ ಅಧಿಕಾರಿ ಬರುತ್ತಾರೆ, ಅಷ್ಟರೊಳಗೆ ಆ ಎರಡು ಗೆರೆ ತುಂಬಿರಬೇಕು ಅಂದರು ಮೇಡಂ. ಇರುತ್ತಾನೆ ಅಂದರೆ ಕೋಣೆ ದೊರೆಗೆ. ಇಲ್ಲ ಅಂದರೆ ಪಟ್ಟಿಯಲ್ಲಿ ಮುಂದಿರುವವರಿಗೆ. ಆಮೇಲೆ ಮತ್ತೊಂದು ಕೋಣೆ ಯಾವಾಗ ಖಾಲಿ ಆಗುತ್ತದೋ ಯಾರಿಗೂ ಗೊತ್ತಿಲ್ಲ.

ಅದೇನು ಮಹಾ, ಅವನನ್ನೇ ಕೇಳಿ ಬರೆದರಾಯಿತು ಅಂದುಕೊಂಡ ಕಂಡಕ್ಟರ್.

ಶನಿವಾರ ದೊರೆ ಬಂದ. ಕೈಯಲ್ಲಿ ನೀಲಿ ಕ್ಯಾನ್ವಾಸಿನ ಒಂದು ದಪ್ಪ ಚೀಲ. ಅಕ್ಕನೇ ಹೊಲಿದದ್ದು, ಜಿಪ್ಪಿಗೆ ಹಿಡಿಯಲು ಸುಲಭವಾಗಲಿ ಅಂತ ಒಂದು ದೊಡ್ಡ ಗುಂಡಿ ಕಟ್ಟಿದ್ದರು. ಅವನು ಚೀಲ ಇಳಿಸಲಿಲ್ಲ. ಚಹಾ ಕುಡಿಯುವಾಗ ತೊಡೆಯ ಮೇಲೆ, ಊಟಕ್ಕೆ ಕೂತಾಗ ಎರಡು ಪಾದದ ನಡುವೆ. ಬಚ್ಚಲಿಗೂ ಹೊತ್ತುಕೊಂಡು ಹೋದ. ಬೆಳಗಿನ ಪಾಳಿಯ ಹೆಂಗಸು, ಬಟ್ಟೆ ಎಲ್ಲ ಕಪಾಟಿನಲ್ಲಿ ಜೋಡಿಸೋಣ್ವಾ ಅಂತ ಕೇಳಿದ್ದಕ್ಕೆ ಹೂಂ ಅಂದ. ಆಕೆ ಚೀಲಕ್ಕೆ ಕೈ ಹಾಕಿದಳೋ ಇಲ್ಲವೋ, ಎರಡು ತೋಳಿನಿಂದ ಅದನ್ನು ತಬ್ಬಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟ. ಬಿಚ್ಚಲಾ ಅಂತ ಮತ್ತೆ ಕೇಳಿದರೆ, ಗೋಡೆಗೆ ಮುಖ ಮಾಡಿಕೊಂಡೇ, ಹೂಂ.

ದೊರೆಯ ಹೂಂ ಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವನು ಯಾರಿಗೂ ಇಲ್ಲ ಅಂದವನಲ್ಲ. ಆದರೆ ಆ ಹೂಂಕಾರದ ಮೇಲೆ ಒಬ್ಬನ ಬಾಳು ನಿಂತಾಗ ಅದು ಹೀಗೆ ತಲೆ ತಿನ್ನುತ್ತದೆ ಅಂತ ಕಂಡಕ್ಟರ್ ಎಣಿಸಿರಲಿಲ್ಲ. ಭಾನುವಾರ ಅವನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ.

"ದೊರೆ, ಇಲ್ಲೇ ಇರ್ತೀಯಾ?"

"ಹೂಂ."

"ಅಕ್ಕನ ಮನೆಗೆ ಹೋಗ್ತೀಯಾ?"

"ಹೂಂ."

"ಚಂದ್ರನ ಮೇಲೆ ಹೋಗೋಣ್ವಾ?"

"ಹೂಂ."

"ಚೀಲ ತಗೊಂಡು?"

ದೊರೆ ಸ್ವಲ್ಪ ಯೋಚಿಸಿ, ಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, "ಹೂಂ" ಅಂದ.

ಸೋಮವಾರ ಮೇಡಂ ಒಂದು ಉಪಾಯ ಹೇಳಿಕೊಟ್ಟರು. ಬಾಯಿಂದ ಕೇಳಬೇಡಿ, ಫೋಟೋ ತೋರಿಸಿ, ಯಾವುದು ಬೇಕೋ ಅದನ್ನು ಎತ್ತಿಕೊಳ್ಳಲಿ. ಈ ಮನೆಯ ಬಾಗಿಲಿನದೊಂದು, ಅಕ್ಕನ ಮನೆಯ ಬಾಗಿಲಿನದೊಂದು ಫೋಟೋ ಮೇಜಿನ ಮೇಲೆ ಇಟ್ಟದ್ದಾಯಿತು. ದೊರೆ ಎರಡನ್ನೂ ಎತ್ತಿಕೊಂಡ. ಒಂದರ ಮೇಲೊಂದಿಟ್ಟು, ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, ಬಹಳ ಮರ್ಯಾದೆಯಿಂದ ಕಂಡಕ್ಟರನ ಕೈಗೆ ವಾಪಸ್ ಕೊಟ್ಟ. ಕೇಂದ್ರದಲ್ಲಿ ಲಕೋಟೆ ಜೋಡಿಸುವ ಕೆಲಸ ಅವನದು; ಕಾಗದ ಕಂಡರೆ ಅದೇ ಕೆಲಸ ಅಂತ ತಿಳಿದಿದ್ದ.

ಮಂಗಳವಾರ ಕಂಡಕ್ಟರ್ ತನ್ನ ಸ್ವಂತ ವಿದ್ಯೆಗೆ ಕೈ ಹಾಕಿದ. ಬಸ್ಸಿನಲ್ಲಿ ಯಾರನ್ನಾದರೂ ನಿನಗೆ ಯಾವ ಸ್ಟಾಪ್ ಇಷ್ಟ ಅಂತ ಕೇಳಿದ್ದುಂಟಾ? ಎಲ್ಲಿ ಸೀಟು ಬಿಟ್ಟು ಏಳುತ್ತಾರೋ ಅದೇ ಅವರ ಸ್ಟಾಪ್. ಹಾಗಂತ ದೊರೆಯನ್ನು ನಡೆಸಿಕೊಂಡು ಮುಖ್ಯ ರಸ್ತೆಯ ಕೂಡುದಾರಿಗೆ ಬಂದ. ಎಡಕ್ಕೆ ಹೋದರೆ ಈ ಮನೆ, ಬಲಕ್ಕೆ ಹೋದರೆ ಅಕ್ಕನ ಬೀದಿ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ ಅಂದ. ದೊರೆ ಚೀಲ ಹೆಗಲಿಗೇರಿಸಿ, ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ, ನೇರ ರಸ್ತೆ ದಾಟಿ ಎದುರಿನ ಅಂಗಡಿಯ ಗಾಜಿನ ಮುಂದೆ ನಿಂತ. ಒಳಗೆ ಬಟ್ಟೆ ಒಗೆಯುವ ಯಂತ್ರವೊಂದನ್ನು ಗಿರಾಕಿಗಳಿಗೆ ಕಾಣಲಿ ಅಂತ ಖಾಲಿ ತಿರುಗಿಸುತ್ತಿದ್ದರು. ಅರ್ಧ ಗಂಟೆ ಅದು ತಿರುಗುವುದನ್ನು ನೋಡಿದ. ಅರ್ಧ ಗಂಟೆ ಕಂಡಕ್ಟರ್ ಅವನ ಮುಖ ನೋಡಿದ. ಆ ಮುಖದಲ್ಲಿ ಸಂತೋಷ ಇತ್ತು, ಸ್ಟಾಪ್ ಮಾತ್ರ ಕಾಣಲಿಲ್ಲ.

ಕಷ್ಟ ಏನಪ್ಪಾ ಅಂದರೆ, ಚೀಲ ಒಂದನ್ನು ಬಿಟ್ಟರೆ ದೊರೆ ಆ ಮನೆಯಲ್ಲಿ ಸುಖವಾಗಿದ್ದ ಹಾಗೇ ಕಾಣುತ್ತಿತ್ತು. ಹೊಟ್ಟೆ ತುಂಬ ತಿನ್ನುತ್ತಿದ್ದ. ಕೆಳಗಿನ ಕೋಣೆಯಲ್ಲಿ ಒಬ್ಬ ಇದ್ದ. ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೆ ಮಾತಾಡುತ್ತಿದ್ದದ್ದರಿಂದ ಅವನಿಗೆ ರೇಡಿಯೋ ಅಂತ ಹೆಸರು. ಉಳಿದವರು ಅವನು ಬಂದರೆ ಎದ್ದು ಹೋಗುತ್ತಿದ್ದರು, ದೊರೆ ಮಾತ್ರ ಪಕ್ಕದಲ್ಲೇ ಕೂತು ಹೂಂಗುಟ್ಟುತ್ತಿದ್ದ. ತನ್ನ ಮಾತಿಗೆ ಇಷ್ಟು ಹೂಂ ಸಿಕ್ಕಿದ್ದು ರೇಡಿಯೋಗೆ ಜನ್ಮದಲ್ಲೇ ಮೊದಲು. ಅವನು ದೊರೆಯನ್ನು ಬಿಟ್ಟು ಊಟಕ್ಕೆ ಕೂರುತ್ತಿರಲಿಲ್ಲ. ಯಾರೂ ಹೇಳದೆಯೇ ಚಹಾ ಕಪ್ಪು ತೊಳೆಯುವುದನ್ನು ದೊರೆ ತನ್ನ ಕೆಲಸ ಮಾಡಿಕೊಂಡಿದ್ದ. ಹಾಸಿಗೆಗೆ ಬಿದ್ದರೆ ಕೊರಡಿನ ಹಾಗೆ ನಿದ್ದೆ. ಆದರೆ ಬಂದ ದಿನದ ಅಂಗಿಯೇ ಮೈಮೇಲೆ. ರಾತ್ರಿ ಪಾಳಿಯವರು ಸಂಸ್ಥೆಯ ಒಂದು ಸಡಿಲ ಅಂಗಿ ತೊಡಿಸಿ, ಅವನದನ್ನು ಒಗೆದು ಒಣಗಿಸಿ, ಬೆಳಿಗ್ಗೆ ಮತ್ತೆ ಹಾಕುತ್ತಿದ್ದರು.

ಬುಧವಾರ ಮೇಡಂ ದಿನದ ವರದಿಗಳನ್ನೆಲ್ಲ ಓದಿ ಮುಗಿಸಿ ಕನ್ನಡಕ ತೆಗೆದರು. ಮೂರು ಪಾಳಿಯವರೂ ಒಂದೇ ಮಾತು ಬರೆದಿದ್ದರು: ಚೀಲ ಬಿಚ್ಚಲು ಒಪ್ಪುವುದಿಲ್ಲ, ಹೊರಡಲು ಸಿದ್ಧವಾಗಿಯೇ ಕೂತಿರುತ್ತಾರೆ. ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಮನುಷ್ಯ ಹೇಗೆ ಹೇಳಬೇಕು ಅಂತ ಮೇಡಂ ಕೇಳಿದರು. ಬಾಯಿಂದ ಹೇಳಲು ಬಾರದವರು ಕೈಯಿಂದ ಹೇಳುತ್ತಾರೆ, ನಾವು ಕೇಳಿಸಿಕೊಳ್ಳಬೇಕು. ಮೇಡಂ ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದವರು, ಸುಮ್ಮನೆ ಆಡಿದ ಮಾತಲ್ಲ. ಕಂಡಕ್ಟರ್ ಹೌದು ಅಂತ ತಲೆಯಾಡಿಸಿದ. ಬಾಗಿಲ ತನಕ ಹೋದವನು, ಮತ್ತೆ ಆ ಕಪ್ಪು ಯಾಕೆ ತೊಳೀತಾನೆ ಮೇಡಂ ಅಂದ. ಹೊರಡುವವನು ಯಾರಾದರೂ ಕಪ್ಪು ತೊಳೆದಿಟ್ಟು ಹೋಗ್ತಾನಾ? ಒಳ್ಳೆಯ ನೆಂಟ ತೊಳೆದಿಟ್ಟು ಹೋಗ್ತಾನೆ ಅಂದರು ಮೇಡಂ. ಕಂಡಕ್ಟರ್ ತಲೆ ಚಿಟ್ಟುಹಿಡಿದು ಮನೆಗೆ ಹೋದ. ಫಾರಂ ಬರೆಯಬೇಕು ಅನ್ನುವುದಕ್ಕಿಂತ, ತಪ್ಪು ಬರೆದರೆ ಆ ಮನುಷ್ಯ ಬಾಳೆಲ್ಲ ತಪ್ಪು ಸ್ಟಾಪಿನಲ್ಲಿ ನಿಂತಿರಬೇಕಾಗುತ್ತದಲ್ಲ ಅನ್ನುವುದು ಅವನನ್ನು ಕೊರೆಯುತ್ತಿತ್ತು.

ಗುರುವಾರ ಮಧ್ಯಾಹ್ನ ಅಂಗಿಯ ಕಾಲರಿನ ಹತ್ತಿರ ಹೊಲಿಗೆ ಬಿಟ್ಟಿತು. ಚೀಲವಂತೂ ಬಿಚ್ಚುವ ಹಾಗಿಲ್ಲ, ಇನ್ನೊಂದು ಅಂಗಿ ಇಸಕೊಂಡು ಬರೋಣ ಅಂತ ಕಂಡಕ್ಟರ್ ಅಕ್ಕನ ಮನೆಗೆ ಹೋದ.

ಅಕ್ಕ ಮೆಷಿನ್ ಮುಂದೆ ಕೂತಿದ್ದರು. ಕೊರಳಲ್ಲಿ ಟೇಪು, ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿ. ಒಂದು ಕಡೆ ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟುಗಳ ರಾಶಿ, ಇನ್ನೊಂದು ಕಡೆ ಯಾರದೋ ಮದುವೆ ಬಟ್ಟೆ. ನೆಲದ ಮೇಲೆ ಅವರ ಕಾಲ ಹತ್ತಿರ ಒಂದು ಚಿಕ್ಕ ಮಣೆ, ಮಣೆಯ ಮೇಲೊಂದು ಅಯಸ್ಕಾಂತ. ದೊರೆ ಅಲ್ಲಿ ಕೂತು ಬಿದ್ದ ಸೂಜಿಗಳನ್ನು ಅಯಸ್ಕಾಂತದಿಂದ ಎತ್ತುತ್ತಿದ್ದ ಜಾಗ ಅಂತ ಕಂಡಕ್ಟರನಿಗೆ ಹೇಳದೆಯೇ ತಿಳಿಯಿತು, ಯಾಕೆಂದರೆ ಐದು ದಿನದ ಸೂಜಿ ಎಲ್ಲ ಅಲ್ಲೇ ಚೆಲ್ಲಿದ್ದವು. ಅಕ್ಕ ಸೂಜಿ ಕಚ್ಚಿಕೊಂಡೇ ಕೂತ್ಕೊಳ್ಳಿ ಕಂಡಕ್ಟ್ರೇ ಅಂದರು. ತಿಂತಾನಾ ಅಂತ ಕೇಳಿದರು. ಮಲಗ್ತಾನಾ ಅಂತ ಕೇಳಿದರು. ಸ್ನಾನಕ್ಕೆ ನೀರು ಯಾರು ಹದ ಮಾಡ್ತಾರೆ, ಬಿಸಿ ಅಂತ ಹೇಳೋನಲ್ಲ ಅವನು, ಸುಟ್ಟರೂ ಹೂಂ ಅಂತಾನೆ ಅಂದರು. ಆಮೇಲೆ ಯಾರೂ ಕೇಳದಿದ್ದರೂ ತಾವೇ ಹೇಳಿದರು: ಭಾನುವಾರ ಎದ್ದಾಗಿನಿಂದ ಊಟದ ತನಕ ಒಂದು ಸಲವೂ ಮೇಲೇಳದೆ ಕೂತು ಹೊಲಿದೆ, ವರ್ಷಗಳಾಗಿತ್ತು ಹಾಗೆ ಕೂತು. ಊಟ ಆದ ಮೇಲೆ ನೋಡಿದರೆ ಒಂದು ಹೊಲಿಗೆಯೂ ನೆಟ್ಟಗಿಲ್ಲ, ಎಲ್ಲ ಬಿಚ್ಚಿ ಮತ್ತೆ ಹಾಕಿದೆ.

"ನನ್ನ ಕೇಳ್ತಾನಾ?" ಅಂದರು.

ಕೇಳುತ್ತಾನೆ ಅಂದರೆ ಅವರಿಗೆ ನೋವೋ, ಕೇಳಲ್ಲ ಅಂದರೆ ನೋವೋ, ಕಂಡಕ್ಟರನಿಗೆ ತೋಚಲಿಲ್ಲ. ಅವನು ಏನನ್ನೂ ಕೇಳಲ್ಲವಲ್ಲ ಅಕ್ಕಾ ಅಂತ ಜಾರಿಕೊಂಡ. ಕಾಲರ್ ಹರಿದಿದೆ, ಒಂದು ಅಂಗಿ ಕೊಡಿ ಅಂದ.

ಅಕ್ಕ ಮೆಷಿನ್ ನಿಲ್ಲಿಸಿದರು. ಏಳು ದಿನಕ್ಕೆ ಏಳು ಅಂಗಿ ಇಟ್ಟಿದ್ದೀನಿ, ಒಂದೊಂದನ್ನೂ ರಟ್ಟಿನ ಮೇಲೆ ಮಡಿಸಿ, ಮೇಲೆ ದಿನಕ್ಕೊಂದು ಬಣ್ಣದ ಚೀಟಿ ಹಾಕಿ. ಅಷ್ಟನ್ನೂ ಹರಿದುಹಾಕಿದನಾ?

"ಚೀಲ ಬಿಚ್ಚಿಲ್ಲ ಅಕ್ಕಾ. ಯಾರಿಗೂ ಬಿಚ್ಚೋಕೆ ಬಿಡಲ್ಲ. ಆರು ದಿನದಿಂದ ಅದನ್ನ ಅಪ್ಪಿಕೊಂಡೇ ಕೂತಿದ್ದಾನೆ. ವಾಪಸ್ ಬರೋದಕ್ಕೇ ಹಾಗೆ ಮಾಡ್ತಿದ್ದಾನೆ ಅಂತಾರೆ ಎಲ್ಲರೂ."

ಅಕ್ಕ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿದರು.

"ನಾನೇ ಹೇಳಿದ್ದು" ಅಂದರು. "ವ್ಯಾನ್ ಹತ್ತಿಸೋವಾಗ ಹೇಳ್ದೆ. ಚೀಲ ಬಿಚ್ಚಬೇಡ, ಯಾರಿಗೂ ಬಿಚ್ಚೋಕೆ ಕೊಡಬೇಡ, ಸಂಜೆ ನಾನು ಬಂದು ಬಿಚ್ಚಿಕೊಡ್ತೀನಿ ಅಂತ. ಅವನು ಮಡಿಕೆ ಎಲ್ಲ ಕೆಡಿಸ್ತಾನೆ, ಅದಕ್ಕೆ."

ಆ ಸಂಜೆ ಅವರು ಹೊರಟೂ ಇದ್ದರಂತೆ. ಚಪ್ಪಲಿ ಹಾಕಿಕೊಳ್ಳುವಾಗ ಮೇಡಂ ಫೋನ್ ಮಾಡಿ, ಮೊದಲ ವಾರ ಮನೆಯವರು ಬರಬಾರದು, ಬಂದರೆ ಇಲ್ಲಿರುವವರ ಮನಸ್ಸು ಕದಲುತ್ತೆ, ಅದು ನಮ್ಮಲ್ಲಿ ನಿಯಮ ಅಂದರು. ಸರಿ, ಅಲ್ಲಿಯವರೇ ಬಿಚ್ಚಿಕೊಡ್ತಾರೆ ಅಂದುಕೊಂಡು ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದರು. ತಾವು ಆಡಿದ ಮಾತು ಅವರಿಗೆ ಮರೆತೇ ಹೋಗಿತ್ತು. ದೊರೆಗೆ ಮರೆತಿರಲಿಲ್ಲ.

ಕಂಡಕ್ಟರನಿಗೆ ಒಂದು ಕ್ಷಣ ಎಲ್ಲ ತಿಳಿಯಾದ ಹಾಗೆ ಅನ್ನಿಸಿತು. ಮರುಕ್ಷಣವೇ ಮೊದಲಿಗಿಂತ ಕಲಸಿಹೋಯಿತು. ಚೀಲ ಹಿಡಿದುಕೊಂಡದ್ದಕ್ಕೂ ವಾಪಸ್ ಬರುವ ಆಸೆಗೂ ಸಂಬಂಧ ಇಲ್ಲ, ಸರಿ. ಹಾಗಂತ ಅಲ್ಲೇ ಇರುವ ಆಸೆ ಇದೆ ಅಂತ ಯಾರು ಹೇಳಿದರು?

ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದರು. ನೀವು ಅಂಗಿ ಕೇಳೋಕೆ ಬರದೇ ಇದ್ದಿದ್ದರೆ ನಾಳೆ ಅವನನ್ನು ಮನೆಗೆ ಕಳಿಸಿಬಿಡ್ತಿದ್ದರು, ಅಲ್ವಾ ಅಂದರು. ಕಂಡಕ್ಟರ್ ಹೌದು ಅಂದ. ಅವರ ಮುಖದಲ್ಲಿ ಏನೋ ಬಂದು ಹೋಯಿತು. ಏನು ಬಂದದ್ದು, ಏನು ಹೋದದ್ದು ಅಂತ ಹಿಡಿಯಲು ಅವನಿಂದಾಗಲಿಲ್ಲ. ಕೊನೆಗೆ ಅಕ್ಕ ಮಂಡಿಗಳ ಮೇಲೆ ಕೈ ಊರಿ ಎದ್ದು, ನಾಳೆ ನಾನು ಬರ್ತೀನಿ, ನಿಮ್ಮ ಮೇಡಂಗೆ ಹೇಳಿ ಅಂದರು.

ಮೇಡಂ ಕೇಳಿಸಿಕೊಂಡು ಹಣೆ ಹಿಡಿದುಕೊಂಡರು. ಬರಲಿ ಅಂದರು. ಆದರೆ ಬಂದು ಏನು ಮಾಡ್ತಾರೆ? ಬಿಚ್ಚು ಅಂತಾರೆ, ಅವನು ಬಿಚ್ಚುತ್ತಾನೆ. ಬಿಚ್ಚಬೇಡ ಅಂದಾಗ ಬಿಚ್ಚಲಿಲ್ಲ, ಬಿಚ್ಚು ಅಂದಾಗ ಬಿಚ್ಚಿದ. ಅದರಲ್ಲಿ ಅವನದು ಏನು ಬಂತು ಕಂಡಕ್ಟ್ರೇ? ಆ ಎರಡು ಗೆರೆಗೆ ಅಕ್ಕನ ಇಚ್ಛೆ ಬರೆದ ಹಾಗಾಗಲ್ವಾ?

ಆಗುತ್ತೆ. ಅದನ್ನೇ ಅವನು ಫೋನಿನಲ್ಲಿ ಅಕ್ಕನಿಗೆ ಹೇಳಿದ. ಬಿಚ್ಚು ಅನ್ನಬೇಡಿ, ಬಿಚ್ಚಬೇಡ ಅಂತಲೂ ಅನ್ನಬೇಡಿ, ನಿನ್ನ ಇಷ್ಟ ಅನ್ನಿ. ಆ ಕಡೆ ಮೆಷಿನ್ ಸದ್ದು ನಿಂತಿತು. ಆಮೇಲೆ ಅಕ್ಕ, ನಲವತ್ಮೂರು ವರ್ಷದಲ್ಲಿ ಅವನಿಗೆ ಹಾಗೆ ನಾನು ಯಾವತ್ತೂ ಅಂದಿಲ್ಲವಲ್ಲ, ಹೇಗೆ ಅನ್ನೋದು ಅಂತ ಕೇಳಿದರು. ಇಬ್ಬರೂ ಸೇರಿ ಫೋನಿನಲ್ಲೇ ಆ ಮಾತನ್ನು ಮೂರು ನಾಲ್ಕು ಸಲ ಅಭ್ಯಾಸ ಮಾಡಿದರು. ಪ್ರತಿ ಸಲವೂ ಕೊನೆಗೆ ಅಕ್ಕ, ಆದರೆ ಮಡಿಕೆ ಕೆಡಿಸಬೇಡ ಅಂತ ಸೇರಿಸಿಬಿಡುತ್ತಿದ್ದರು.

ಶುಕ್ರವಾರ ಹತ್ತೂವರೆಗೆ ಅಕ್ಕ ಬಂದರು. ಮೆಟ್ಟಿಲು ಹತ್ತಿದ್ದು ಒಂದೊಂದಕ್ಕೆ ಒಂದೊಂದು ಉಸಿರಿನ ಲೆಕ್ಕ. ದೊರೆ ಮಂಚದ ಅಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಕ್ಕನನ್ನು ನೋಡಿ ಮುಖ ಇಷ್ಟಗಲ ಆಯಿತು. ಚೀಲವನ್ನು ಮುಂದೆ ಚಾಚಿದ. ನೋಡು, ಹಾಗೇ ಇದೆ ಅನ್ನುವ ಹಾಗೆ. ಅಕ್ಕ ಅವನ ಪಕ್ಕದಲ್ಲಿ ಕೂತು ಸುಧಾರಿಸಿಕೊಂಡರು. ಕೈ ತಾನಾಗಿ ಜಿಪ್ಪಿನ ಗುಂಡಿಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಕೆಮ್ಮಿದ. ಅಕ್ಕ ಕೈ ಹಿಂದಕ್ಕೆ ತಗೊಂಡು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಬಿಟ್ಟರು.

"ಬಿಚ್ಚಬೇಡ ಅಂದಿದ್ನಲ್ಲ ದೊರೆ, ಆ ಮಾತು ಮುಗೀತು. ನೀನು ಚೆನ್ನಾಗಿ ನೋಡ್ಕೊಂಡೆ. ಇನ್ನು ಚೀಲ ನಿಂದು. ಬಿಚ್ಚಿದ್ರೂ ಸರಿ, ಬಿಚ್ಚದೇ ಇದ್ರೂ ಸರಿ. ಇಲ್ಲಿದ್ರೂ ಸರಿ, ನನ್ನ ಜೊತೆ ಬಂದ್ರೂ ಸರಿ."

ದೊರೆ ಕಾದ. ಮಾತು ಇನ್ನೂ ಇದೆ, ಕೊನೆಗೆ ಏನು ಮಾಡಬೇಕು ಅಂತ ಬರುತ್ತದೆ ಅಂತ ಕಾದ. ಬರಲಿಲ್ಲ. ಹೂಂ ಅನ್ನಲು ತುಟಿ ಒಂದು ಮಾಡಿಕೊಂಡ, ಯಾವುದಕ್ಕೆ ಹೂಂ ಅಂತ ತಿಳಿಯದೆ ಹಾಗೇ ಬಿಟ್ಟ. ಅಕ್ಕನನ್ನು ನೋಡಿದ, ಕಂಡಕ್ಟರನನ್ನು ನೋಡಿದ, ಮತ್ತೆ ಅಕ್ಕನನ್ನು ನೋಡಿದ. ಆರು ದಿನದಿಂದ ತಾನು ಹೊತ್ತು ತಿರುಗುತ್ತಿದ್ದ ಪೀಕಲಾಟ ಆ ಅಗಲ ಮುಖದಲ್ಲಿ ಈಗ ಕಂಡಕ್ಟರನಿಗೆ ಕಾಣಿಸಿತು. ಅಯ್ಯೋ ಪಾಪ ಅನ್ನಿಸಿತು; ಜೊತೆಗೆ, ಸದ್ಯ ನಾನೊಬ್ಬನೇ ಅಲ್ಲ ಅಂತಲೂ ಅನ್ನಿಸಿತು.

ದೊರೆ ಚೀಲವನ್ನು ಮಂಚದ ಮೇಲೆ ಇಟ್ಟ. ಎದ್ದ. ಬಾಗಿಲಲ್ಲಿದ್ದ ಕಂಡಕ್ಟರನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೆಟ್ಟಿಲಿಳಿದು ಹೊರಟುಹೋದ. ಚೀಲ ಬಿಚ್ಚಿರಲಿಲ್ಲ. ಆದರೆ ಅದನ್ನು ಬಿಟ್ಟು ಅವನು ಒಂದು ಹೆಜ್ಜೆ ಇಟ್ಟದ್ದು ಆರು ದಿನದಲ್ಲಿ ಇದೇ ಮೊದಲು. ಅಕ್ಕನೂ ಕಂಡಕ್ಟರನೂ ಮಂಚದ ಮೇಲೆ ಒಂಟಿಯಾಗಿ ಕೂತ ಆ ಚೀಲವನ್ನು ನೋಡಿದರು.

"ಇದಕ್ಕೇನರ್ಥ?" ಅಂದರು ಅಕ್ಕ.

"ನನ್ನನ್ನ ಕೇಳ್ತೀರಾ?" ಅಂದ ಕಂಡಕ್ಟರ್.

ಇಬ್ಬರೂ ಇಳಿದು ಬರುವ ಹೊತ್ತಿಗೆ ದೊರೆ ಅಡುಗೆಮನೆಯ ತೊಟ್ಟಿಯ ಮುಂದೆ ತೋಳು ಮಡಚಿ ನಿಂತು, ಬೆಳಗಿನ ಕಪ್ಪುಗಳಿಗೆ ಸೋಪು ಹಚ್ಚುತ್ತಿದ್ದ. ರೇಡಿಯೋ ಪಕ್ಕದಲ್ಲಿ ನಿಂತು ಯಾವುದೋ ನಾಯಿಯ ಕತೆ ಹೇಳುತ್ತಿದ್ದ. ಅದೇ ಹೊತ್ತಿಗೆ ಮೇಡಂ ಅಧಿಕಾರಿಯನ್ನು ಕರೆದುಕೊಂಡು ಬಂದರು. ಅಧಿಕಾರಿ ಕೆಟ್ಟವರಲ್ಲ, ಆದರೆ ಅವತ್ತೇ ಇನ್ನೂ ಮೂರು ಕಡೆ ಹೋಗಬೇಕಿತ್ತು. ನಿಂತುಕೊಂಡೇ ಫಾರಂ ತಿರುವಿದರು. ಮೂರನೇ ಪುಟಕ್ಕೆ ಬಂದು, ಇದು ಖಾಲಿ ಇದೆಯಲ್ಲ ಅಂದರು. ಕಂಡಕ್ಟರ್ ಚೀಲದ ಕತೆಯನ್ನು ಆದಷ್ಟು ಚಿಕ್ಕದಾಗಿ ಹೇಳಿದ. ಎಷ್ಟು ಚಿಕ್ಕದು ಮಾಡಿದರೂ ಅದು ಉದ್ದವೇ ಆಯಿತು. ಅಧಿಕಾರಿ ಕೇಳಿ, ಹಾಗಿದ್ದರೆ ಈಗಲೇ ಕೇಳಿ ಮುಗಿಸೋಣ ಅಂತ ಪೆನ್ನು ತೆಗೆದು ದೊರೆಯ ಹತ್ತಿರ ಹೋದರು. ಬಹಳ ನಿಧಾನವಾಗಿ, ಬಹಳ ಜೋರಾಗಿ, ಇಲ್ಲೇ ಇರ್ತೀರಾ, ಅಕ್ಕನ ಜೊತೆ ಮನೆಗೆ ಹೋಗ್ತೀರಾ ಅಂತ ಕೇಳಿದರು.

ಎಲ್ಲರೂ ಹೂಂ ಕೇಳಿಸಿಕೊಳ್ಳಲು ಸಿದ್ಧವಾಗಿ ನಿಂತಿದ್ದರು. ರೇಡಿಯೋ ಕೂಡ ಬಾಯಿ ಮುಚ್ಚಿದ.

ದೊರೆ ಸೋಪಿನ ಕಪ್ಪು ಹಿಡಿದುಕೊಂಡೇ ಅಧಿಕಾರಿಯನ್ನು ನೋಡಿದ.

"ತಾಳು" ಅಂದ. ತಿರುಗಿ ಕಪ್ಪು ತೊಳೆಯತೊಡಗಿದ.

ಅಧಿಕಾರಿ ತಾಳಿದರು. ಒಂದು ಕಪ್ಪು ಆಯಿತು, ಎರಡಾಯಿತು, ದೊರೆ ಮತ್ತೇನೂ ಹೇಳಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡು ಮೇಡಂ ಕಡೆ ತಿರುಗಿದರು. ಪಟ್ಟಿಯಲ್ಲಿ ಮುಂದಿರುವ ಹೆಂಗಸಿನ ತಂದೆ ಆಸ್ಪತ್ರೆಯಲ್ಲಿದ್ದಾರೆ, ಅವಳು ಸದ್ಯಕ್ಕೆ ಪಕ್ಕದ ಮನೆಯವರ ಹತ್ತಿರ ಇದ್ದಾಳೆ. ಇವರಿಗೇ ಬೇಕೋ ಬೇಡವೋ ಗೊತ್ತಿಲ್ಲ ಅಂದರೆ ಕೋಣೆಯನ್ನು ಖಾಲಿ ಇಡೋಕಾಗಲ್ಲ ಅಂದರು. ಆ ಮಾತೂ ನ್ಯಾಯವೇ. ಆ ಹೆಂಗಸನ್ನು ಕಂಡಕ್ಟರ್ ಕಂಡವನಲ್ಲ, ಆದರೂ ಅವಳೂ ಒಂದು ಚೀಲ ಹಿಡಿದು ಯಾರದೋ ಮನೆಯಲ್ಲಿ ಕೂತಿರುವುದು ಅವನ ಕಣ್ಣಿಗೆ ಕಟ್ಟಿತು. ಯಾರ ಪರ ಮಾತಾಡಿದರೂ ಇನ್ನೊಬ್ಬರಿಗೆ ಅನ್ಯಾಯ. ಬಸ್ಸು ತುಂಬಿದಾಗ ಸ್ಟಾಪಿನಲ್ಲಿ ನಿಂತವರ ಮುಖ ನೋಡದೆ ಸೀಟಿ ಊದುವುದು ಅವನಿಗೆ ಅಭ್ಯಾಸವಾಗಿತ್ತು. ಇಲ್ಲಿ ಅದು ನಡೆಯುವ ಹಾಗಿರಲಿಲ್ಲ.

"ಸಾರ್, ಈ ಆರು ದಿನ ಅವರ ಲೆಕ್ಕಕ್ಕೆ ಹಾಕಬೇಡಿ" ಅಂದ. "ಆರು ದಿನವೂ ಅವರು ಅಕ್ಕನ ಚೀಲ ಕಾಯ್ತಾ ಇದ್ದರು. ಇಲ್ಲಿಗೆ ಬಂದದ್ದು ಈಗ, ಅರ್ಧ ಗಂಟೆ ಹಿಂದೆ."

ಅಧಿಕಾರಿ ಏನೋ ಹೇಳಲು ಹೋದರು. ಅಷ್ಟರಲ್ಲಿ ಮೇಡಂ, ಮನೆಯವರು ಬರಬಾರದು ಅನ್ನೋ ನಿಯಮ ನಂದು ಅಂದರು. ನಾನು ಆ ಫೋನ್ ಮಾಡದೇ ಇದ್ದಿದ್ದರೆ ಶನಿವಾರ ಸಂಜೆಯೇ ಇದು ಮುಗೀತಿತ್ತು. ಕೈಯಿಂದ ಹೇಳೋದನ್ನ ಕೇಳಿಸ್ಕೋಬೇಕು ಅಂತ ಇವರಿಗೆ ಪಾಠ ಹೇಳಿದವಳೂ ನಾನೇ, ಕೇಳಿಸಿಕೊಂಡದ್ದು ತಪ್ಪಾಗಿತ್ತು. ಮೇಡಂ ತಪ್ಪು ಒಪ್ಪಿಕೊಂಡದ್ದನ್ನು ಕಂಡಕ್ಟರ್ ಆವರೆಗೆ ನೋಡಿರಲಿಲ್ಲ. ಅಧಿಕಾರಿಯೂ ನೋಡಿರಲಿಲ್ಲ ಅಂತ ಕಾಣುತ್ತದೆ, ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆ ಹೆಂಗಸಿಗೆ ಪಕ್ಕದ ಮನೆಯವರು ಇನ್ನೊಂದು ವಾರ ಆಸರೆ ಕೊಡ್ತಾರಾ ಅಂತ ಹೊರಗೆ ಹೋಗಿ ಫೋನ್ ಮಾಡಿ ಕೇಳಿಕೊಂಡು ಬಂದರು. ಮುಂದಿನ ಶುಕ್ರವಾರ ಅಂದರು. ಅದರ ಮೇಲೆ ಒಂದು ದಿನವೂ ಇಲ್ಲ. ಆದರೆ ಫಾರಂ ಖಾಲಿ ತಗೊಂಡು ಹೋಗೋ ಹಾಗಿಲ್ಲ, ಆ ಎರಡು ಗೆರೆಯಲ್ಲಿ ಏನಾದರೂ ಬರೀರಿ.

ಕಂಡಕ್ಟರ್ ಫಾರಮನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಬರೆದ. ಬರೆದದ್ದು ಒಂದೇ ಗೆರೆ. ಅಧಿಕಾರಿ ಓದಿದರು: 'ತಾಳು ಅಂದರು.'

ಇದನ್ನ ಇಚ್ಛೆ ಅಂತಾರೇನ್ರೀ ಅಂತ ಕೇಳಿದರು.

ನನಗೂ ಸರಿಯಾಗಿ ಗೊತ್ತಿಲ್ಲ ಸಾರ್ ಅಂದ ಕಂಡಕ್ಟರ್. ಆದರೆ ಏಳು ತಿಂಗಳಲ್ಲಿ ಅವರ ಬಾಯಿಂದ ಹೂಂ ಅಲ್ಲದೆ ಬೇರೆ ಮಾತು ನಾನು ಕೇಳಿದ್ದು ಇದೊಂದೇ.

ಅಧಿಕಾರಿ ಹೋದರು, ಮೇಡಂ ಅವರನ್ನು ಗೇಟಿನ ತನಕ ಕಳಿಸಲು ಹೋದರು. ಅಕ್ಕ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದರು. ಗೆದ್ದ ಹಾಗಾಯಿತೋ ಸೋತ ಹಾಗಾಯಿತೋ ಅವರಿಗೂ ತಿಳಿದಿರಲಿಲ್ಲ. ದೊರೆ ತೊಳೆದ ಕಪ್ಪುಗಳನ್ನು ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದ. ರೇಡಿಯೋ ನಾಯಿಯ ಕತೆಯನ್ನು ನಿಲ್ಲಿಸಿದ ಜಾಗದಿಂದ ಮತ್ತೆ ಶುರು ಮಾಡಿದ, ದೊರೆ ಹೂಂಗುಟ್ಟಿದ.

"ಈ ವಾರ ನಾನು ಬರಬಹುದಾ?" ಅಂದರು ಅಕ್ಕ, ಕಂಡಕ್ಟರನಿಗೆ ಮಾತ್ರ ಕೇಳಿಸುವ ಹಾಗೆ.

"ಬನ್ನಿ. ದಿನಾ ಬನ್ನಿ. ಮೇಡಂಗೆ ನಾನು ಹೇಳ್ತೀನಿ."

"ಬಂದು ಏನು ಮಾಡಲಿ?"

ಕಂಡಕ್ಟರ್ ಯೋಚಿಸಿದ. "ಏನೂ ಮಾಡಬೇಡಿ ಅಕ್ಕಾ. ಸುಮ್ಮನೆ ಕೂತಿರಿ. ಏನು ಮಾಡ್ತಾನೋ ನೋಡ್ತಾ ಇರಿ."

ಅಕ್ಕ ತೊಟ್ಟಿಯ ಕಡೆ ನೋಡಿದರು. ಒಂದು ಕಪ್ಪಿನ ಹಿಡಿಯಲ್ಲಿ ಸೋಪು ಇನ್ನೂ ಉಳಿದಿತ್ತು. ಅವರು ಅದನ್ನು ಕಂಡರು, ಕಂಡಕ್ಟರನೂ ಕಂಡ. ಅಕ್ಕನ ಕೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಅದೊಂದು ಮಾತ್ರ ನನಗೆ ಬರಲ್ಲ ಕಣಪ್ಪಾ" ಅಂದರು, ಮತ್ತು ಕೂತೇ ಇದ್ದರು.